ಲಾಳ ತೆಗೆದ ಕುದುರೆಗೆ ಬೂಟು ಆರಿಸುವ ಬಗೆ

ಲಾಳ ತೆಗೆಸಿದ ಮೇಲೆ ಮೊದಲ ಕೆಲವು ವಾರಗಳಲ್ಲಿ ಕುದುರೆಯನ್ನು ಜಲ್ಲಿ ಹಾದಿಯಲ್ಲಿ ನಡೆಸಿ ನೋಡಿ. ಲಾಯದ ಮಣ್ಣಿನಲ್ಲಿ ಹಾಯಾಗಿ ಹೆಜ್ಜೆ ಹಾಕುತ್ತಿದ್ದ ಪ್ರಾಣಿ ಇಲ್ಲಿ ಹೆಜ್ಜೆ ಗಿಡ್ಡ ಮಾಡುತ್ತದೆ, ತಲೆ ತಗ್ಗಿಸಿ ನೆಲ ನೋಡುತ್ತದೆ, ಹಾದಿಯಂಚಿನ ಹುಲ್ಲಿಗೆ ಸರಿಯುತ್ತದೆ. ಬದಿಗೆ ನಿಂತು ನೋಡಿದರೆ ಗೊರಸಿನ ಮುಂತುದಿ ಮೊದಲು ನೆಲ ಮುಟ್ಟಿ ಹಿಮ್ಮಡಿ ಆಮೇಲೆ ಇಳಿಯುವುದು ಕಾಣುತ್ತದೆ. ಅದಕ್ಕೆ ನೋಯುತ್ತಿದೆ. ‘ನಡೆದು ನಡೆದು ತಾನೇ ಗಟ್ಟಿಯಾಗುತ್ತದೆ ಬಿಡಿ’ ಎಂದು ಅದೇ ಹಾದಿಯಲ್ಲಿ ದಿನವೂ ನಡೆಸುವವರಿದ್ದಾರೆ. ಅದು ತಪ್ಪು. ನೋಯುತ್ತಾ ನಡೆದರೆ ಗೊರಸು ಗಟ್ಟಿಯಾಗುವುದಿಲ್ಲ. ನೋವಿಲ್ಲದೆ, ಹಿಮ್ಮಡಿಯನ್ನು ಮೊದಲು ಊರಿ, ದಿನವೂ ಮೈಲಿಗಟ್ಟಲೆ ನಡೆದರೆ ಗಟ್ಟಿಯಾಗುತ್ತದೆ. ಗೊರಸಿನ ಬೂಟು ಬೇಕಾಗುವುದು ಇದಕ್ಕೆ.

ಬೂಟು ಎಂದರೆ ಮೊಳೆ ಹೊಡೆಯದೆ ತೊಡಿಸಿ ತೆಗೆಯಬಹುದಾದ ಪಾದರಕ್ಷೆ. ಸವಾರಿಗೆ ಮುಂಚೆ ಹಾಕಬೇಕು, ಬಂದ ಮೇಲೆ ಬಿಚ್ಚಿ ತೊಳೆದಿಡಬೇಕು. ಉಳಿದ ಹೊತ್ತೆಲ್ಲ ಗೊರಸು ನೇರವಾಗಿ ನೆಲದ ಮೇಲಿರುತ್ತದೆ. ಕಬ್ಬಿಣದ ಲಾಳವಾದರೋ ಆರು ವಾರ ಹಗಲೂ ರಾತ್ರಿ ಕಾಲಿನಲ್ಲೇ ಉಳಿಯುತ್ತದೆ.

ಇದು ಹೊಸ ಯೋಚನೆಯಲ್ಲ. ರೋಮನ್ನರು ಎಸ್ಪಾರ್ಟೊ ಎಂಬ ಒರಟು ಹುಲ್ಲು ಹೆಣೆದು ಪ್ರಾಣಿಗಳ ಪಾದಕ್ಕೆ ಕಟ್ಟುತ್ತಿದ್ದರು. ಅವರ ವಾಯುವ್ಯ ಪ್ರಾಂತ್ಯಗಳಲ್ಲಿ ಗೊರಸಿಗೆ ಕಟ್ಟುವ ಕಬ್ಬಿಣದ ಪಾದರಕ್ಷೆಗಳು ನೆಲದಡಿ ಸಿಕ್ಕಿವೆ. ಜಪಾನಿನಲ್ಲಿ ಕುದುರೆಗಳಿಗೆ ಭತ್ತದ ಹುಲ್ಲಿನ ಚಪ್ಪಲಿ ತೊಡಿಸಿ ದೂರ ಪ್ರಯಾಣ ಮಾಡುತ್ತಿದ್ದರು. ಸವೆದರೆ ದಾರಿಯಲ್ಲೇ ಹೊಸದು ಕಟ್ಟುವುದು. ಈಗಿನ ರೂಪದ ಬೂಟು ಬಂದದ್ದು 1970ರ ಹೊತ್ತಿಗೆ, ಅಮೆರಿಕದಲ್ಲಿ. ಡಾ. ನೀಲ್ ಗ್ಲಾಸ್ ಅವರ ‘ಈಜಿಬೂಟ್’ ಗಟ್ಟಿ ಯೂರಿಥೇನಿನದು. ಸವಾರಿಯ ನಡುವೆ ಲಾಳ ಕಳಚಿದರೆ ಮನೆ ಸೇರುವ ತನಕ ಇರಲಿ ಎಂದೇ ಬಹಳ ಜನ ಅದನ್ನು ಜೀನಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅಲ್ಲಿಂದ ಬೂಟು ಬಹುದೂರ ಬಂದಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ 1955ರಿಂದ ನಡೆದುಬಂದಿರುವ ಟೆವಿಸ್ ಕಪ್ ಸ್ಪರ್ಧೆಯಲ್ಲಿ 24 ಗಂಟೆಯೊಳಗೆ 100 ಮೈಲಿ ಕ್ರಮಿಸಬೇಕು. ಹಾದಿಯುದ್ದಕ್ಕೂ ಬಂಡೆ, ಕಣಿವೆ, ಸುಡುವ ದೂಳು. 2012ರಲ್ಲಿ ಅದನ್ನು ಗೆದ್ದ ಗ್ಯಾರೆಟ್ ಫೋರ್ಡ್ ಅವರ ‘ದ ಫ್ಯೂರಿ’ ಎಂಬ ಕುದುರೆಯ ಕಾಲಿನಲ್ಲಿ ಒಂದು ಮೊಳೆಯೂ ಇರಲಿಲ್ಲ, ಗೊರಸಿಗೆ ಅಂಟಿಸಿದ ಬೂಟುಗಳಿದ್ದವು. ಫೋರ್ಡ್ ಬೂಟು ತಯಾರಿಸುವ ಕಂಪನಿಯವರೇ ಎಂಬುದನ್ನೂ ಹೇಳಬೇಕು. ಆದರೂ ಆ ಹಾದಿ ಯಾರಿಗೂ ರಿಯಾಯಿತಿ ಕೊಡುವುದಲ್ಲ.

ಹಾಗೆಂದು ಬೂಟು ಕೊಂಡವರೆಲ್ಲ ಸುಖವಾಗಿಲ್ಲ. ಬೂಟು ತಿರುಗಿತು, ಕೆಸರಿನಲ್ಲಿ ಕಳಚಿಹೋಯಿತು, ಹಿಮ್ಮಡಿ ಉಜ್ಜಿ ಗಾಯವಾಯಿತು ಎಂಬ ದೂರುಗಳು ಎಲ್ಲೆಡೆ ಕೇಳುತ್ತವೆ. ವಿಚಾರಿಸಿ ನೋಡಿದರೆ ಹೆಚ್ಚಿನವಕ್ಕೆ ಕಾರಣ ಎರಡೇ: ಗೊರಸು ಹೆರೆಸದೆ ಅಳತೆ ತೆಗೆದದ್ದು, ಅಥವಾ ಗೊರಸಿನ ಆಕಾರ ನೋಡದೆ ಹೆಸರು ಕೇಳಿ ಬೂಟು ತರಿಸಿದ್ದು. ನನ್ನ ಮಾತಿನ ಸಾರವೂ ಇಷ್ಟೇ. ಗೊರಸು ಮೊದಲು, ಬೂಟು ಆಮೇಲೆ.

ಗೊರಸಿನ ಸ್ಥಿತಿ

ಕಾಲೆತ್ತಿ ಅಡಿಯನ್ನು ನೋಡಿ. ಸುತ್ತ ಗಟ್ಟಿ ಗೋಡೆ, ಒಳಗೆ ತುಸು ಗುಳಿಬಿದ್ದ ಅಂಗಾಲು, ನಡುವೆ ಹಿಮ್ಮಡಿಯಿಂದ ಮುಂದಕ್ಕೆ ಮೊನೆಯಾಗುತ್ತಾ ಬರುವ ತ್ರಿಕೋನದ ಮೆತ್ತನೆ ಭಾಗ. ಇದನ್ನು ಫ್ರಾಗ್ ಎನ್ನುತ್ತಾರೆ. ಅದರ ಮೇಲೆ, ಗೊರಸಿನ ಒಳಗಡೆ, ನಾರು ಮತ್ತು ಕೊಬ್ಬು ಸೇರಿದ ಒಂದು ದಿಂಡು ಇದೆ. ಕುದುರೆ ಹಿಮ್ಮಡಿ ಊರಿದಾಗ ಪೆಟ್ಟನ್ನು ತಡೆದುಕೊಳ್ಳುವುದು ಈ ಭಾಗ. ವರ್ಷಗಟ್ಟಲೆ ಲಾಳದಲ್ಲಿದ್ದ ಕುದುರೆಗೆ ಈ ಹಿಂಭಾಗ ಹಲವು ಸಲ ಬಡಕಲಾಗಿರುತ್ತದೆ, ಹಿಮ್ಮಡಿಗಳು ಒಂದಕ್ಕೊಂದು ಹತ್ತಿರ ಬಂದಿರುತ್ತವೆ, ಅಂಗಾಲು ತೆಳ್ಳಗಿರುತ್ತದೆ. ಲಾಳ ತೆಗೆದ ದಿನವೇ ಇದೆಲ್ಲ ಸರಿಹೋಗುವುದಿಲ್ಲ. ಗೊರಸಿನ ಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮೇಲಿನ ಕೂದಲಂಚಿನಲ್ಲಿ ಹುಟ್ಟಿದ ಹೊಸ ಕೊಂಬು ಮುಂತುದಿಯ ನೆಲ ಮುಟ್ಟಲು 9ರಿಂದ 12 ತಿಂಗಳು ಬೇಕು. ಬೂಟಿನ ದೊಡ್ಡ ಕೆಲಸವಿರುವುದು ಈ ಅವಧಿಯಲ್ಲಿ. ಆಮೇಲೆ ಕೆಲವು ಕುದುರೆಗಳಿಗೆ ಕಲ್ಲುದಾರಿಗೆ ಮಾತ್ರ ಬೂಟು ಬೇಕಾಗುತ್ತದೆ, ಕೆಲವಕ್ಕೆ ಬೇಕೇ ಆಗುವುದಿಲ್ಲ, ಇನ್ನು ಕೆಲವಕ್ಕೆ ಸವಾರಿಗೆ ಕೊನೆಯವರೆಗೂ ಬೇಕು. ಮೂರೂ ಸರಿಯೇ. ಬೂಟು ಬೇಕಾಯಿತೆಂದು ಬರಿಗಾಲಿನ ಪ್ರಯತ್ನ ಸೋತಿತು ಎಂದು ಯಾರೂ ಬೇಸರಪಡಬೇಕಿಲ್ಲ.

ಗೊರಸು ಹೆರೆಯುವವರು ಈ ಕೆಲಸ ಬಲ್ಲವರಾಗಿರಬೇಕು. ಲಾಳ ಹೊಡೆಯಲು ಗೊರಸನ್ನು ಸಮತಟ್ಟು ಮಾಡುವ ರೀತಿ ಬೇರೆ, ಬರಿಗಾಲಲ್ಲಿ ಬಿಡಲು ಹೆರೆಯುವ ರೀತಿ ಬೇರೆ. ಬರಿಗಾಲಿಗೆ ಹೆರೆಯುವಾಗ ಅಂಗಾಲಿನ ಜೀವಂತ ಕೊಂಬನ್ನು ಕೆತ್ತಿ ತೆಳ್ಳಗೆ ಮಾಡಬಾರದು, ಫ್ರಾಗನ್ನು ಅಂದಕ್ಕೆಂದು ಕೊಯ್ಯಬಾರದು, ಗೋಡೆಯ ಅಂಚನ್ನು ಅರದಿಂದ ದುಂಡಗೆ ಉಜ್ಜಿ ಬಿಡಬೇಕು. ಗೋಡೆ ಕೆಳಗೆ ಹೊರಚಾಚಿ ಹರಡಿಕೊಂಡಿದ್ದರೆ ಅದನ್ನು ಮೊದಲು ಹಿಂದಕ್ಕೆ ತರಬೇಕು. ಹರಡಿದ ಗೊರಸಿಗೆ ಅಳತೆ ತೆಗೆದು ತರಿಸಿದ ಬೂಟು, ಎರಡು ಸಲ ಹೆರೆದ ಮೇಲೆ ಸಡಿಲವಾಗಿ ಮೂಲೆ ಸೇರುತ್ತದೆ.

ಮೇವಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಅಂಗಾಲು ಯಾವಾಗಲೂ ಬೆಚ್ಚಗಿದ್ದು ಕುದುರೆ ಸಣ್ಣ ಕಲ್ಲಿಗೂ ಬೆಚ್ಚುತ್ತಿದ್ದರೆ ಬೂಟಿನ ಪಟ್ಟಿ ತೆರೆಯುವ ಮುಂಚೆ ಮೇವಿನ ತೊಟ್ಟಿ ನೋಡಿ. ಹೆಚ್ಚು ಧಾನ್ಯ, ಬೂಸಾ, ಬೆಲ್ಲ, ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು, ಇವುಗಳಲ್ಲಿನ ಪಿಷ್ಟ ಮತ್ತು ಸಕ್ಕರೆ ಗೊರಸಿನ ಒಳಪದರಗಳಿಗೆ ಉರಿಯೂತ ತರಬಲ್ಲವು. ಅದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ಮುಂಗಾಲುಗಳ ಭಾರ ಹಿಂದಕ್ಕೆ ಹಾಕಿ ನಿಲ್ಲುವ, ತಿರುಗಲು ಹಿಂಜರಿಯುವ ಕುದುರೆಗೆ ಅವತ್ತೇ ಪಶುವೈದ್ಯರು ಬೇಕು. ದಪ್ಪ ಮೆತ್ತೆ ಇಟ್ಟ ಚಿಕಿತ್ಸೆಯ ಬೂಟುಗಳೂ ಇವೆ. ಅವನ್ನು ಹಾಕುವುದು ವೈದ್ಯರು ಹೇಳಿದಂತೆ.

ಅಳತೆ ತೆಗೆಯುವುದು

ಗೊರಸು ಹೆರೆದ ದಿನ, ತಪ್ಪಿದರೆ ಮರುದಿನ, ಅಳತೆ ತೆಗೆಯಿರಿ. ಮೂರು ವಾರ ಕಳೆದ ಗೊರಸಿನ ಅಳತೆ ನಂಬಬೇಡಿ. ಬಟ್ಟೆ ಅಳೆಯುವ ಟೇಪು ಬಾಗುತ್ತದೆ, ಆದ್ದರಿಂದ ಗಟ್ಟಿ ಅಳತೆಪಟ್ಟಿ ಬೇಕು, ಮಿಲಿಮೀಟರ್ ಗುರುತಿನದು. ಇಂಚಿನಲ್ಲಿ ಅಳೆದು ಆಮೇಲೆ ಬದಲಾಯಿಸಿದರೆ ಒಂದು ಇಡೀ ಅಳತೆಯೇ ಆಚೀಚೆಯಾಗುವುದುಂಟು.

ಕಾಲೆತ್ತಿ ಮಣ್ಣು ಕಲ್ಲು ತೆಗೆದು ಬ್ರಷ್ಷಿನಲ್ಲಿ ಉಜ್ಜಿ. ಅಗಲ ಸುಲಭ. ಅಡಿಯಲ್ಲಿ ಗೊರಸು ಎಲ್ಲಿ ಅತಿ ಅಗಲವೋ ಅಲ್ಲಿ, ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ. ಎಡವಟ್ಟಾಗುವುದು ಉದ್ದದಲ್ಲಿ. ಮುಂತುದಿಯ ನಡುವಿನಿಂದ ಹಿಂದಕ್ಕೆ ಅಳೆಯುವಾಗ ಬಹಳ ಮಂದಿ ಹಿಮ್ಮಡಿಯ ಮೇಲಿನ ಮೆತ್ತನೆಯ ಎರಡು ಉಬ್ಬುಗಳ ತನಕ ಪಟ್ಟಿ ಎಳೆಯುತ್ತಾರೆ. ಅಲ್ಲಿಗಲ್ಲ. ಗೋಡೆ ಹಿಂದೆ ಹೋಗಿ ಒಳಕ್ಕೆ ಮಡಚುವ ಜಾಗವಿದೆಯಲ್ಲ, ಹಿಮ್ಮಡಿ ನೆಲಕ್ಕೆ ಊರುವ ಕಟ್ಟಕಡೆಯ ಬಿಂದು, ಎಡದ ಆ ಬಿಂದುವಿನಿಂದ ಬಲದ ಬಿಂದುವಿಗೆ ಒಂದು ಕಡ್ಡಿ ಅಡ್ಡ ಇಡಿ. ಮುಂತುದಿಯಿಂದ ಆ ಕಡ್ಡಿಯ ತನಕ ಎಷ್ಟೋ ಅದೇ ಉದ್ದ. ಉಬ್ಬಿನವರೆಗೆ ಅಳೆದರೆ ಸೆಂಟಿಮೀಟರಿಗೂ ಹೆಚ್ಚು ಸೇರಿ ಎರಡು ಅಳತೆ ದೊಡ್ಡ ಬೂಟು ಬರುತ್ತದೆ.

ನಾಲ್ಕೂ ಕಾಲು ಅಳೆಯಿರಿ. ಕುದುರೆಯ ಮುಂಗಾಲಿನ ಗೊರಸು ದುಂಡಗೆ, ಹಿಂಗಾಲಿನದು ನೀಳ, ಮೊನೆ ತುಸು ಚೂಪು. ಎಡಬಲವೂ ಒಂದೇ ಇರಬೇಕೆಂದಿಲ್ಲ. ಒಂದು ಮುಂಗಾಲು ನೆಟ್ಟಗೆ ಕಿರಿದಾಗಿ, ಇನ್ನೊಂದು ಚಪ್ಪಟೆಯಾಗಿ ಅಗಲವಾಗಿ ಬೆಳೆದ ಕುದುರೆಗಳು ಎಷ್ಟೋ ಇವೆ. ಅಂಥವಕ್ಕೆ ಎಡಬಲ ಬೇರೆ ಅಳತೆಯ ಬೂಟು ಬೇಕು. ಬಿಡಿಯಾಗಿ ಒಂದೊಂದೇ ಬೂಟು ಮಾರುವವರೂ ಇದ್ದಾರೆ, ಕೇಳಿ ನೋಡಿ. ಅಂಕಿ ಬರೆದುಕೊಂಡ ಮೇಲೆ ಮೂರು ಫೋಟೊ ತೆಗೆಯಿರಿ. ನೆಲಮಟ್ಟದಲ್ಲಿ ಕ್ಯಾಮೆರಾ ಇಟ್ಟು ಮುಂದಿನಿಂದ ಒಂದು, ಬದಿಯಿಂದ ಒಂದು, ಕಾಲೆತ್ತಿ ಅಡಿಗೆ ನೇರವಾಗಿ ಹಿಡಿದು ಅಳತೆಪಟ್ಟಿ ಸಮೇತ ಒಂದು. ದೂರದಿಂದ ತರಿಸುವವರಿಗೆ ಈ ಫೋಟೊಗಳು ಅಂಕಿಗಿಂತ ಹೆಚ್ಚು ಹೇಳುತ್ತವೆ.

ಆಕಾರಕ್ಕೆ ತಕ್ಕ ಬೂಟು

ಈಗ ಅಗಲ ಉದ್ದ ಅಕ್ಕಪಕ್ಕ ಇಟ್ಟು ನೋಡಿ. 127 ಅಗಲ, 130 ಉದ್ದ ಎಂದಿದ್ದರೆ ಅದು ದುಂಡು ಗೊರಸು. 118 ಅಗಲ, 135 ಉದ್ದ ಎಂದಿದ್ದರೆ ನೀಳ ಗೊರಸು. ಯಾವ ಮಾದರಿ ಎಂಬುದರ ಅರ್ಧ ಉತ್ತರ ಈ ವ್ಯತ್ಯಾಸದಲ್ಲಿದೆ. ದುಂಡು ಅಚ್ಚಿನ ಬೂಟನ್ನು ನೀಳ ಗೊರಸಿಗೆ ಉದ್ದ ಹೊಂದಿಸಿ ತಂದರೆ ಎರಡು ಬದಿಗೂ ಸಂದು ಬೀಳುತ್ತದೆ, ಬೂಟು ಸುತ್ತ ತಿರುಗುತ್ತದೆ. ನೀಳ ಅಚ್ಚಿನದನ್ನು ದುಂಡು ಗೊರಸಿಗೆ ಒತ್ತಿದರೆ ಬದಿಗಳು ಹಿಂಡುತ್ತವೆ.

ಕೆನಡಾದ ಕವಾಲ್ಲೊ ಬೂಟಿನ ಮೂಲ ಅಚ್ಚು ದುಂಡಗಿನದು, ಕಿರಿದಾದ ಗೊರಸಿಗೆ ‘ಸ್ಲಿಮ್’ ಎಂಬ ಬೇರೆ ಅಚ್ಚಿದೆ. ಅಗಲವಾಗಿ ಬಾಯ್ದೆರೆದು ವೆಲ್ಕ್ರೋ ಪಟ್ಟಿಯಿಂದ ಮುಚ್ಚುವ ಬೂಟಾದ್ದರಿಂದ ಹಾಕುವುದು ತೀರ ಸುಲಭ. ಹೊಸಬರಿಗೆ, ಸೊಂಟ ಬಗ್ಗಿಸಲು ಕಷ್ಟವಿರುವವರಿಗೆ, ವಾರಕ್ಕೆರಡು ಸಲ ಹತ್ತಿರದ ಹಾದಿಯಲ್ಲಿ ಹೋಗಿಬರುವವರಿಗೆ ಒಳ್ಳೆಯದು. ಮೈ ದೊಡ್ಡದು, ಗೊರಸಿನ ಮೇಲಿನ ಕಿರಿದಾದ ಪಾಸ್ಟರ್ನ್ ಭಾಗದ ತನಕ ಬರುತ್ತದೆ. ಓಡುವ ಕುದುರೆಗೆ ಅದು ಭಾರ ಎನಿಸಬಹುದು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಿಂದ ಬಂದ ಸ್ಕೂಟ್ ಬೂಟ್ ಇದಕ್ಕೆ ತದ್ವಿರುದ್ಧ. ಒಂದೇ ತುಂಡಿನ ಚಿಪ್ಪು, ಗೂಟಕ್ಕೆ ಸಿಕ್ಕಿಸುವ ರಬ್ಬರಿನಂಥ ಪಟ್ಟಿಗಳು, ನೀರು ನಿಲ್ಲದಂತೆ ಅಲ್ಲಲ್ಲಿ ತೆರವು. ಹೊಳೆ ದಾಟುವ ಹಾದಿಗಳಿಗೆ ಇದು ನನ್ನ ಮೊದಲ ಆಯ್ಕೆ. ಆದರೆ ಅಳತೆ ಬಿಗಿಯಾಗಿ ಕೂರಲೇಬೇಕು, ಸಡಿಲವಿದ್ದರೆ ಪಟ್ಟಿ ಬಿಗಿದು ಸರಿಮಾಡಲಾಗದು. ಅಮೆರಿಕದ ಅರಿಜೋನಾದ ರೆನಿಗೇಡ್ ಬೂಟಿನಲ್ಲಿ ಹಿಮ್ಮಡಿ ಹಿಡಿಯುವ ಭಾಗ ಬೇರೆಯಾಗಿದ್ದು ಕುದುರೆಯ ಹೆಜ್ಜೆಯೊಂದಿಗೆ ಮೇಲೆ ಕೆಳಗೆ ಆಡುತ್ತದೆ. ಅದರಿಂದ ಉಜ್ಜುವುದು ಕಡಿಮೆ. ತಂತಿಯ ಉದ್ದ ಹೊಂದಿಸಲು ಮಾತ್ರ ಒಂದು ಸಂಜೆ ಕೂರಬೇಕು. ಈಜಿಬೂಟಿನ ‘ಗ್ಲವ್’ ಮಾದರಿ ಗೊರಸಿಗೆ ಮೆತ್ತಿಕೊಂಡಂತೆ ಕೂರುತ್ತದೆ. ಮುಂದೆ ಇಂಗ್ಲಿಷ್ ‘ವಿ’ ಆಕಾರದ ಸೀಳೊಂದಿದೆ. ತೊಡಿಸಿದಾಗ ಆ ಸೀಳು ಸ್ವಲ್ಪ ಅಗಲವಾದರೆ ಅಳತೆ ಸರಿ, ಅಲ್ಲಾಡದೆ ಮುಚ್ಚಿಕೊಂಡೇ ಇದ್ದರೆ ದೊಡ್ಡದಾಯಿತು. ನಾರ್ವೆಯ ಈಕ್ವೈನ್ ಫ್ಯೂಶನ್ ಮೆತ್ತನೆಯ, ಬಾಗುವ ಅಡಿಯದು. ಎರಡು ಗೊರಸಿನ ಆಕಾರ ಸರಿಯಾಗಿ ಹೊಂದದ ಕುದುರೆಗಳಿಗೆ ಗಟ್ಟಿ ಚಿಪ್ಪಿಗಿಂತ ಇಂಥದ್ದು ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಒಂದು ಕಂಪನಿಯ 5ನೇ ಅಳತೆ ಇನ್ನೊಂದರ 5 ಅಲ್ಲ. ಪ್ರತಿ ಮಾದರಿಗೂ ಅದರದೇ ಪಟ್ಟಿ ನೋಡಬೇಕು. ಎರಡು ಅಳತೆಗಳ ನಡುವೆ ಬಂದರೆ ಏನು ಮಾಡುವುದೆಂಬ ಪ್ರಶ್ನೆಗೆ ಬೆಳೆಯುವ ಮಕ್ಕಳಿಗೆ ಒಂದು ಅಳತೆ ದೊಡ್ಡ ಚಪ್ಪಲಿ ಕೊಂಡಂತೆ ಕೊಳ್ಳಬೇಡಿ ಎಂಬುದೇ ಉತ್ತರ. ದೊಡ್ಡ ಬೂಟು ಕುದುರೆಯನ್ನು ಎಡವಿಸುತ್ತದೆ. ಕೆಲವು ಕಂಪನಿಗಳು ಹಾಕಿ ನೋಡಲೆಂದೇ ಎರಡು ಮೂರು ಅಳತೆಯ ಖಾಲಿ ಚಿಪ್ಪುಗಳನ್ನು ಕಳಿಸುತ್ತವೆ. ಸಾಧ್ಯವಿರುವ ಊರಿನಲ್ಲಿದ್ದರೆ ಅದನ್ನು ಬಿಡಬೇಡಿ.

ಎಲ್ಲ ನಾಲ್ಕು ಕಾಲಿಗೂ ಬೂಟು ಬೇಕೇ? ಹೆಚ್ಚಿನ ಕುದುರೆಗಳಿಗೆ ಮೊದಲು ಮುಂಗಾಲಿಗೆ ಸಾಕು. ನಿಂತ ಕುದುರೆಯ ಭಾರದಲ್ಲಿ ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ, ನೋವೂ ಅಲ್ಲೇ ಮೊದಲು ಕಾಣುತ್ತದೆ. ಹಿಂಗಾಲು ಸವೆಯುತ್ತಿದೆ, ಕಲ್ಲಿಗೆ ಬೆದರುತ್ತಿದೆ ಎನಿಸಿದರೆ ಆಗ ಇನ್ನೊಂದು ಜೋಡಿ.

ಹಾಕಿ ನೋಡುವಾಗ

ಗೊರಸು ಒರೆಸಿ ಒಂದೇ ಒಂದು ಕಲ್ಲಿನ ಚೂರೂ ಉಳಿಯದಂತೆ ನೋಡಿ. ಬಿಗಿ ಮಾದರಿಯಾದರೆ ಗೋಡೆಗೆ ಸ್ವಲ್ಪ ನೀರು ಸವರಿದರೆ ಜಾರಿ ಕೂರುತ್ತದೆ. ಮುಂತುದಿ ಮೊದಲು ಒಳಗೆ ಹೋಗಲಿ, ಆಮೇಲೆ ಹಿಂದಿನಿಂದ ಅಂಗೈಯಲ್ಲಿ ಒತ್ತಿ, ಬೇಕಾದರೆ ರಬ್ಬರ್ ಸುತ್ತಿಗೆಯಿಂದ ಅಡಿಗೆ ಎರಡು ಪೆಟ್ಟು. ಪಟ್ಟಿ ಕಟ್ಟುವ ಮುಂಚೆ ಕಾಲನ್ನು ಕೆಳಗಿಟ್ಟು ಕುದುರೆ ಭಾರ ಹಾಕಲಿ. ಗಾಳಿಯಲ್ಲಿ ಎತ್ತಿ ಹಿಡಿದೇ ಎಲ್ಲ ಪಟ್ಟಿ ಬಿಗಿದರೆ ಭಾರ ಬಿದ್ದಾಗ ಅದು ಬೇರೆಯೇ ಆಗುತ್ತದೆ.

ಈಗ ಕುಳಿತು ನೋಡಿ. ಗೊರಸಿನ ಮುಂಗೋಡೆ ಬೂಟಿನ ಮುಂಭಾಗಕ್ಕೆ ತಾಗಿರಬೇಕು, ನಡುವೆ ಬೆರಳು ಹೋಗುವ ಸಂದು ಇರಬಾರದು. ಹಿಮ್ಮಡಿ ಬೂಟಿನ ಒಳ ನೆಲದ ಮೇಲೆ ಪೂರ್ತಿ ಕೂತಿರಬೇಕು, ಹಿಂದಿನ ಅಂಚಿನ ಮೇಲೆ ಏರಿ ನಿಂತಿರಬಾರದು. ಕೂದಲು ಶುರುವಾಗುವ ಅಂಚಿಗೆ ಗಟ್ಟಿ ಭಾಗ ಎಲ್ಲಿಯೂ ಒತ್ತಬಾರದು. ಗೊರಸು ಹುಟ್ಟುವ ಜಾಗ ಅದು, ಅಲ್ಲಿಗೆ ಆದ ಪೆಟ್ಟು ತಿಂಗಳುಗಟ್ಟಲೆ ಗೋಡೆಯಲ್ಲಿ ಕಾಣುತ್ತದೆ. ಪಾಸ್ಟರ್ನಿನ ಪಟ್ಟಿಯೊಳಗೆ ನಿಮ್ಮ ಒಂದೆರಡು ಬೆರಳು ಸಲೀಸಾಗಿ ಹೋಗಬೇಕು. ನಿಂತಾಗ ಮಾತ್ರವಲ್ಲ, ಕಾಲೆತ್ತಿ ಮಡಚಿದಾಗಲೂ. ಈ ಪಟ್ಟಿ ಬೂಟನ್ನು ಹಿಡಿದಿಡಲು ಇರುವುದಲ್ಲ. ಬೂಟು ಹಿಡಿದಿರುವುದು ಗೊರಸಿನ ಆಕಾರದಿಂದ. ಕಳಚದಿರಲೆಂದು ಪಟ್ಟಿ ಬಿಗಿಯುವವರು ಚರ್ಮ ಕೀಳಿಸುತ್ತಾರೆ.

ಎರಡೂ ಕೈಯಲ್ಲಿ ಬೂಟನ್ನು ಹಿಡಿದು ಎಡಕ್ಕೆ ಬಲಕ್ಕೆ ತಿರುವಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಗೊರಸಿನ ನಡುಗೆರೆ ಒಂದು ಕಡೆ, ಬೂಟಿನ ನಡುಗೆರೆ ಇನ್ನೊಂದು ಕಡೆ ಹೋದರೆ ಅದು ನಿಮ್ಮ ಕುದುರೆಯ ಬೂಟಲ್ಲ.

ಆಮೇಲೆ ನಡೆಸಿ. ಮೊದಲ ಹತ್ತು ಹೆಜ್ಜೆ ಕುದುರೆ ಕಾಲು ಎತ್ತರಕ್ಕೆ ಎತ್ತಿ ಕುಣಿದಂತೆ ಇಡಬಹುದು, ಅದು ಬೇಗ ಹೋಗುತ್ತದೆ. ಗಟ್ಟಿ ನೆಲದಲ್ಲಿ ನೇರ ನಡಿಗೆ, ಎರಡೂ ಕಡೆ ಸಣ್ಣ ಸುತ್ತು, ಹಿಂದಕ್ಕೆ ನಾಲ್ಕು ಹೆಜ್ಜೆ, ಆಮೇಲೆ ಟ್ರಾಟ್. ಕಿವಿಯೂ ಕೊಡಿ, ನಾಲ್ಕು ಹೆಜ್ಜೆಯ ಸದ್ದು ಒಂದೇ ತಾಳದಲ್ಲಿ ಬರಬೇಕು. ಬದಿಯಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು, ಬರಿಗಾಲಿನ ವಿಡಿಯೊ ಜೊತೆ ಇಟ್ಟು ನೋಡಿ. ಬರಿಗಾಲಲ್ಲಿ ಮುಂತುದಿ ಮೊದಲು ಇಡುತ್ತಿದ್ದ ಕುದುರೆ ಬೂಟಿನಲ್ಲಿ ಹಿಮ್ಮಡಿಯನ್ನು ಮೊದಲು ಇಟ್ಟರೆ, ಹೆಜ್ಜೆ ಉದ್ದವಾದರೆ, ಬೂಟು ತನ್ನ ಕೆಲಸ ಮಾಡುತ್ತಿದೆ. ಎಡವುತ್ತಿದ್ದರೆ ಮುಂತುದಿ ಉದ್ದವಾಗಿದೆ. ಗೊರಸು ಹೆರೆಸಬೇಕು, ಇಲ್ಲವೇ ಮುಂದಕ್ಕೆ ಬೇಗ ಹೊರಳುವ, ಮೂತಿ ದುಂಡಾದ ಮಾದರಿ ನೋಡಬೇಕು. ಹಿಂಗಾಲು ಮುಂಗಾಲಿನ ಬೂಟಿಗೆ ಬಡಿಯುತ್ತಿದ್ದರೂ ಇದೇ ಪರಿಹಾರ.

ಅಂಗಾಲು ತೆಳ್ಳಗಿರುವ ಕುದುರೆಗೆ ಒಳಗೆ ಮೆತ್ತೆ ಇಡಬಹುದು. ಇ.ವಿ.ಎ. ಫೋಮಿನ 6 ಅಥವಾ 12 ಮಿಲಿಮೀಟರ್ ದಪ್ಪದ ಮೆತ್ತೆಗಳು ಸಿಗುತ್ತವೆ, ಗಡಸು ಬೇರೆ ಬೇರೆ. ಮೆತ್ತೆ ಇಟ್ಟರೆ ಗೊರಸು ಅಷ್ಟು ಮೇಲೇಳುತ್ತದೆ. ಹಾಗಾಗಿ ಮೆತ್ತೆ ಬೇಕೆಂದು ಗೊತ್ತಿದ್ದರೆ ಬೂಟು ಕೊಳ್ಳುವಾಗಲೇ ಮೆತ್ತೆಯೊಂದಿಗೆ ಹಾಕಿ ನೋಡಿ. ಸಡಿಲ ಬೂಟನ್ನು ಬಿಗಿ ಮಾಡಲು ಮೆತ್ತೆ ತುರುಕುವುದು ಉಪಾಯವಲ್ಲ. ತುಳಿದು ತುಳಿದು ಚಪ್ಪಟೆಯಾದ ಮೆತ್ತೆ ಬದಲಿಸಿ.

ಮೊದಲ ದಿನಗಳು, ಉಜ್ಜಿದ ಗುರುತು

ಹೊಸ ಬೂಟು ಹಾಕಿದ ದಿನವೇ ಮೂರು ಗಂಟೆಯ ಸವಾರಿಗೆ ಹೊರಡಬೇಡಿ. ಮೊದಲ ಸಲ ಲಗಾಮು ಹಿಡಿದು 10–15 ನಿಮಿಷ ನಡೆಸಿ ಬಿಚ್ಚಿ ನೋಡಿ. ಮರುದಿನ ಅರ್ಧ ಗಂಟೆ. ಆಮೇಲೆ ನಡಿಗೆಯ ಸವಾರಿ, ಆಮೇಲೆ ಟ್ರಾಟ್, ಕ್ಯಾಂಟರ್ ಕೊನೆಗೆ. ಪ್ರತಿ ಸಲ ಬಿಚ್ಚಿದಾಗ ಹಿಮ್ಮಡಿಯ ಉಬ್ಬುಗಳನ್ನೂ ಪಾಸ್ಟರ್ನನ್ನೂ ಬೆರಳಲ್ಲಿ ಸವರಿ ನೋಡಿ. ಗಾಯಕ್ಕೆ ಮುಂಚೆ ಕೂದಲು ಎದ್ದು ಕೆದರಿಕೊಳ್ಳುತ್ತದೆ, ಜಾಗ ಬೆಚ್ಚಗಾಗುತ್ತದೆ. ಅಲ್ಲೇ ನಿಲ್ಲಿಸಿದರೆ ಎರಡು ದಿನದಲ್ಲಿ ಸರಿಹೋಗುತ್ತದೆ. ರಕ್ತ ಕಂಡ ಮೇಲೆ ವಾರಗಳು ಬೇಕು, ಮತ್ತೆ ಆ ಕುದುರೆ ಬೂಟು ಕಂಡರೆ ಕಾಲೆತ್ತುವುದಿಲ್ಲ.

ಉಜ್ಜಿದರೆ ಕಾರಣ ಹುಡುಕಿ, ಬ್ಯಾಂಡೇಜು ಆಮೇಲೆ. ಹೆಚ್ಚಾಗಿ ಬೂಟು ಸಡಿಲವಿದ್ದು ಪ್ರತಿ ಹೆಜ್ಜೆಗೂ ಹಿಮ್ಮಡಿಯಲ್ಲಿ ಏರಿಳಿಯುತ್ತಿರುತ್ತದೆ. ಗೊರಸು ಉದ್ದ ಬೆಳೆದು ಹಿಮ್ಮಡಿ ಅಂಚಿಗೆ ಏರಿದ್ದರೂ ಹೀಗಾಗುತ್ತದೆ. ಒಳಗೆ ಸೇರಿದ ಮರಳು ಮೂರನೆಯ ಕಾರಣ. ಅಳತೆ ಸರಿಯಿದ್ದು ಚರ್ಮ ಮಾತ್ರ ಮೃದುವಾಗಿದ್ದರೆ ಹಿಮ್ಮಡಿಗೆ ಅಂಟು ಬಟ್ಟೆ ಸುತ್ತುವುದು, ಬೂಟಿನ ಜೊತೆ ಸಿಗುವ ಮೆತ್ತನೆ ಕಾಪು ಹಾಕುವುದು, ಸ್ವಲ್ಪ ಪೌಡರ್ ಉದುರಿಸುವುದು ನೆರವಾಗುತ್ತದೆ.

ಕೆಲವು ಬೂಟು ಮೊದಲ ವಾರ ಚೆನ್ನಾಗಿ ಕೂತು ಐದನೆಯ ವಾರ ಒಳಗೇ ಹೋಗುವುದಿಲ್ಲ. ಬೂಟು ಕುಗ್ಗಿಲ್ಲ, ಗೊರಸು ಬೆಳೆದಿದೆ. ಬೂಟು ಹಾಕುವ ಕುದುರೆಗೆ ನಾಲ್ಕರಿಂದ ಐದು ವಾರಕ್ಕೊಮ್ಮೆ ಹೆರೆಸುವ ಪದ್ಧತಿ ಇಟ್ಟುಕೊಳ್ಳಿ. ನಡುವೆ ಒಮ್ಮೆ ಮುಂತುದಿಯ ಅಂಚಿಗೆ ಅರದಿಂದ ನಾಲ್ಕು ಎಳೆತ ಎಳೆಯುವುದನ್ನು ಹೆರೆಯುವವರಿಂದಲೇ ಕಲಿತುಕೊಂಡರೆ ಬೂಟಿನ ಬಹಳಷ್ಟು ತಕರಾರು ನಿಲ್ಲುತ್ತದೆ.

ನಮ್ಮ ನೆಲದಲ್ಲಿ

ಬೆಂಗಳೂರಿನ ಸುತ್ತಲಿನ ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಬಹಳ. ಚಪ್ಪಟೆ ಅಂಗಾಲು, ತೆಳು ಗೋಡೆ, ತಗ್ಗಿದ ಹಿಮ್ಮಡಿ ಆ ತಳಿಯಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಲಾಳ ತೆಗೆದರೆ ಬೂಟು, ಮೆತ್ತೆ ಎರಡೂ ಬೇಕಾಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಗಟ್ಟಿ ಗೊರಸಿಗೆ ಹೆಸರಾದ ಮಾರವಾಡಿ, ಕಾಠಿಯಾವಾಡಿ ಕುದುರೆ ಸಾಕಿದವರಿಗೆ ಮುಂಗಾಲಿನ ಜೋಡಿ ಸಾಕಾಗಬಹುದು, ಅದೂ ನೀಳ ಅಚ್ಚಿನದು.

ಮಳೆಗಾಲ ಬೂಟಿಗೆ ಕಷ್ಟದ ಕಾಲ. ಅಂಟು ಮಣ್ಣು ಬೂಟನ್ನು ಹೀರಿ ಹಿಡಿಯುತ್ತದೆ, ಒದ್ದೆ ಹುಲ್ಲಿನ ಮೇಲೆ ನುಣುಪು ಅಡಿ ಜಾರುತ್ತದೆ. ಅಡಿಯಲ್ಲಿ ಆಳವಾದ ಗೀರುಗಳಿರುವ ಮಾದರಿ ನೋಡಿ. ಗದ್ದೆ ಬದಿಯ ಕೆಸರಿಗೆ ಮಾತ್ರ ಹೋಗುವುದಾದರೆ ಬೂಟು ಬಿಚ್ಚಿಯೇ ಹೋಗಿ, ಮೆತ್ತನೆ ನೆಲಕ್ಕೆ ಬರಿಗೊರಸು ಕಚ್ಚಿಕೊಳ್ಳುತ್ತದೆ. ಒದ್ದೆ ಬೂಟನ್ನು ಕಾಲಲ್ಲೇ ಬಿಟ್ಟು ರಾತ್ರಿ ಕಳೆಯಬೇಡಿ. ಗಾಳಿಯಾಡದ ತೇವದಲ್ಲಿ ಫ್ರಾಗಿನ ಸಂದುಗಳು ಕೊಳೆತು ಕಪ್ಪು ಕೆಸರಿನಂತಾಗಿ ಕೆಟ್ಟ ವಾಸನೆ ಬರುತ್ತದೆ. ಥ್ರಶ್ ಎನ್ನುವ ಈ ರೋಗಕ್ಕೆ ನಮ್ಮ ಮಲೆನಾಡು, ಕರಾವಳಿ ಹೇಳಿ ಮಾಡಿಸಿದ ಜಾಗ. ದಿನವೂ ಕಾಲೆತ್ತಿ ಚೊಕ್ಕ ಮಾಡಿ, ಬೂಟನ್ನು ನೆರಳಲ್ಲಿ ಒಣಗಿಸಿ. ಪಟ್ಟಿ, ತಿರುಪು, ತಂತಿ ಪ್ರತಿ ಸವಾರಿಗೂ ಮುಂಚೆ ಒಮ್ಮೆ ಎಳೆದು ನೋಡಿ, ಒಂದು ಹೆಚ್ಚುವರಿ ಪಟ್ಟಿ ಜೀನಿನ ಚೀಲದಲ್ಲಿರಲಿ.

ಮೈಸೂರಿನ ಟಾಂಗಾ ಕುದುರೆಗಳ ವಿಚಾರ ಬೇರೆ. ದಿನವಿಡೀ ಡಾಂಬರಿನ ಮೇಲೆ ದುಡಿಯುವ ಕುದುರೆಗೆ ಬೂಟು ಬೇಗ ಸವೆಯುತ್ತದೆ. ಒಂದು ಜೋಡಿಗೆ 200 ಡಾಲರಿನ ಆಸುಪಾಸು ಬೆಲೆ, ಅದರ ಮೇಲೆ ಸಾಗಣೆ, ಸುಂಕ. ಟಾಂಗಾದವರ ಮನೆಯ ದುಡಿಮೆ ಅದನ್ನು ತಡೆಯದು. ಅಂಥ ಕುದುರೆಯ ಲಾಳ ಕೀಳಿಸಿ ಎಂದು ನಾನು ಹೇಳುವುದಿಲ್ಲ. ನುರಿತವರ ಕೈಯಲ್ಲಿ ವೇಳೆಗೆ ಸರಿಯಾಗಿ ಬದಲಾದ ಲಾಳ ಅದಕ್ಕೆ ಒಳ್ಳೆಯದು. ಸ್ಪರ್ಧೆಗೆ ಹೋಗುವವರು ಆಯಾ ಸ್ಪರ್ಧೆಯ ನಿಯಮ ಓದಿಕೊಳ್ಳಲಿ. ದೂರದೋಟದ ಸ್ಪರ್ಧೆಗಳಲ್ಲಿ ಬೂಟು ಸಾಮಾನ್ಯ, ಎಲ್ಲ ಕ್ರೀಡೆಗಳಲ್ಲೂ ಹಾಗಿಲ್ಲ.

ನಮ್ಮಲ್ಲಿ ಬೂಟು ಹಾಕಿ ನೋಡಿ ಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಹೊರದೇಶದಿಂದ ತರಿಸಿದ್ದನ್ನು ಹಿಂದಿರುಗಿಸುವುದು ಇನ್ನೂ ಕಷ್ಟ. ಆದ್ದರಿಂದ ಹಣ ಕಳಿಸುವ ಮುಂಚೆ, ಬರಿಗಾಲಿನ ಕೆಲಸ ಬಲ್ಲವರಿಂದ ಐದೈದು ವಾರದ ಅಂತರದಲ್ಲಿ ಎರಡು ಸಲ ಗೊರಸು ಹೆರೆಸಿ, ಎರಡು ಸಲವೂ ನಾಲ್ಕು ಕಾಲಿನ ಅಗಲ ಉದ್ದ ಬರೆದಿಡಿ. ಎರಡು ಸಲದ ಅಂಕಿಗಳು ಎರಡು ಮೂರು ಮಿಲಿಮೀಟರಿನೊಳಗೆ ಹೊಂದಿದರೆ ತರಿಸಿ. ಹೊಂದದಿದ್ದರೆ ಗೊರಸು ಇನ್ನೂ ಬದಲಾಗುತ್ತಿದೆ. ಮೆತ್ತನೆ ನೆಲದಲ್ಲಿ ನಡೆಸುತ್ತಾ ಇನ್ನೊಂದು ಸುತ್ತು ಕಾಯಿರಿ.